ನವಿಲು ಕಾಗದ ಸುತ್ತಿದ ಬಾಕ್ಸ್

ತುಮಕೂರು ಜಿಲ್ಲೆಯ ಚರಿತ್ರೆಯನ್ನು ಮುಂದೊಂದು ದಿನ ಯಾರಾದರೂ ಪುಣ್ಯಾತ್ಮರು ಬರೆಯಲು ಕೂತರೆ, ಅವರಲ್ಲಿ ನನ್ನದೊಂದು ವಿನಂತಿ. ಅರಸರು, ಹೋರಾಟಗಳು, ಚುನಾವಣೆಗಳು, ಎಲ್ಲವನ್ನೂ ಬರೆಯಲಿ. ಆದರೆ ಒಂದು ಗಿಫ್ಟ್ ಪೇಪರಿಗೆ ಪೂರ್ತಿ ಒಂದು ಅಧ್ಯಾಯ ಮೀಸಲಿಡಲಿ.

ವಿಷಯ ಅಷ್ಟು ಗಂಭೀರ!

ಕೆಂಪು ಕಾಗದ. ಮೇಲೆ ಬಂಗಾರದ ಬಣ್ಣದ ನವಿಲು. ಒಳಗೊಂದು ಬಾಕ್ಸ್.

ಆ ಬಾಕ್ಸಿನ ಮೇಲೆ ನನ್ನ ಎರಡೂ ಕೈಗಳಿದ್ದವು. ನನ್ನ ಕತ್ತಿನ ಹಿಂದೆ ಒಂದು ಮಚ್ಚಿತ್ತು.

"ಕೈ ತೆಗೀಲಾ!"

ಕುಣಿಗಲ್ಲಿನ ಒಂದು ಕಲ್ಯಾಣ ಮಂಟಪ. ಹಿಂಬದಿಯ ಸ್ಟೋರ್ ರೂಮು. ಹೊರಗೆ ವಾದ್ಯದವರು ಗಟ್ಟಿಮೇಳ ಬಾರಿಸುತ್ತಿದ್ದರು. ನಾನು ಕಿರುಚಿದರೂ ಯಾರಿಗೂ ಕೇಳಿಸುವಂತಿರಲಿಲ್ಲ. ಕೇಳಿಸಿದರೂ ನಾಲ್ಕು ಕಾಳು ಅಕ್ಷತೆ ಎಸೆಯುತ್ತಿದ್ದರು, ಅಷ್ಟೆ.

ನಿಧಾನವಾಗಿ ತಿರುಗಿದೆ.

ಎದುರಿಗೆ ಕದರಮ್ಮ. ಮದುಮಗಳ ಸೋದರತ್ತೆ. ಎಪ್ಪತ್ತು ದಾಟಿದ ಹೆಂಗಸು. ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ, ಕೈಯಲ್ಲಿ ಎಳನೀರು ಕೊಚ್ಚುವ ಮಚ್ಚು. ಮದುವೆ ಮನೆಯಲ್ಲಿ ಗಿಫ್ಟ್ ಕಾಯಲು ಕೂರುವ ಸೋದರತ್ತೆ ಅಂದರೆ ಏನೆಂದು ನಿಮಗೆ ಗೊತ್ತಲ್ಲ? ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದವನಾದರೂ ಆಗಾಗ ತೂಕಡಿಸುತ್ತಾನೆ. ಇವರು ತೂಕಡಿಸುವುದಿಲ್ಲ!

"ಯಾವನ್ಲಾ ನೀನು? ಹೆಣ್ಣಿನ್ ಕಡೆಯೋನೋ, ಗಂಡಿನ್ ಕಡೆಯೋನೋ?"

ನನ್ನ ವೃತ್ತಿಯಲ್ಲಿ ಇದಕ್ಕಿಂತ ಅಪಾಯದ ಪ್ರಶ್ನೆ ಇನ್ನೊಂದಿಲ್ಲ...

ಉತ್ತರ ಕೊಡುವ ಮುಂಚೆ ನಾನು ಅಲ್ಲಿಗೆ ಹೇಗೆ ಬಂದೆ ಅಂತ ಹೇಳಿಬಿಡುತ್ತೇನೆ. ಮಚ್ಚು ಸ್ವಲ್ಪ ಹೊತ್ತು ಅಲ್ಲೇ ಇರಲಿ.

ನನ್ನ ಹೆಸರು ಮೋಹನ್‌ಕುಮಾರ್. ತುಮಕೂರಿನಲ್ಲಿ ಕಳೆದುಹೋದದ್ದನ್ನು ಹುಡುಕಿಕೊಡುತ್ತೇನೆ. ಕಾರು, ಬೈಕು, ಓಡಿಹೋದ ಅಳಿಯ... ಪೊಲೀಸರ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದೆಲ್ಲ ನನ್ನ ಹತ್ತಿರ ಬರುತ್ತದೆ.

ಹಿಂದಿನ ದಿನ, ಶನಿವಾರ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಅನಂತಕೃಷ್ಣ ನನ್ನೆದುರು ಕೂತಿದ್ದ. ಇಡ್ಲಿ ಮುಟ್ಟಿರಲಿಲ್ಲ. ಕ್ಯಾತ್ಸಂದ್ರದಲ್ಲಿ ಕೂತು ಇಡ್ಲಿ ಮುಟ್ಟದವನ ಕಷ್ಟ ಸಣ್ಣದಿರುವುದಿಲ್ಲ.

"ಒಂದು ಬಾಕ್ಸ್ ಹೋಗಿದೆ ಸಾರ್."

"ಒಳಗೇನಿದೆ? ಚಿನ್ನಾನಾ?"

"ಚಿನ್ನ ಆಗಿದ್ರೆ ಇನ್ನೊಂದು ತಗೋಬಹುದಿತ್ತು. ದುಡ್ಡು ಕೊಟ್ರೆ ಸಿಗತ್ತೆ."

ಸುತ್ತ ನೋಡಿದ. ದನಿ ತಗ್ಗಿಸಿದ.

"ಗೇಮ್ ಕನ್ಸೋಲ್!"

ನಾನು ನಗಲಿಲ್ಲ. ನೀವೂ ನಗಬೇಡಿ.

ಫೈನಾನ್ಸ್ ಕಂಪನಿಯ ಕೆಲಸ ಬಿಟ್ಟು ಈ ಅನಂತ ಕ್ಯಾತ್ಸಂದ್ರದಲ್ಲಿ ಮಳಿಗೆ ಹಿಡಿದಿದ್ದ. ಹಾಸ್ಟೆಲ್ ಹುಡುಗರಿಗೆ ಗೇಮ್ ಪಾರ್ಲರ್. ಗೋಡೆ ತುಂಬುವ ಟಿವಿ ಬಂತು. ಸೋಫಾ ಬಂತು. ಎಸಿ ಬಂತು. ಟಿವಿಗೆ ಸಿಕ್ಕಿಸಿ ಆಡಿಸಲು ಇದ್ದ ಒಂದೇ ಒಂದು ಮಷೀನು ಹೋಯಿತು.

"ಇನ್ನೊಂದು ತಗೊಳ್ಳಯ್ಯ."

"ಎಲ್ಲಿ ಸಾರ್? ಇದಕ್ಕೆ ಹಾಕೋ ಮೆಮೊರಿ ಚಿಪ್ಪೆಲ್ಲಾ ಎಐ ಕಂಪನಿಗಳಿಗೇ ಹೋಗ್ತಿದೆಯಂತೆ. ಒಂದ್ಸಲ ರೇಟ್ ಏರ್ತು. ಸುಧಾರಿಸ್ಕೊಳ್ಳೋಷ್ಟರಲ್ಲಿ ಇನ್ನೊಂದ್ಸಲ ಏರ್ತು. ಎಂಜಿ ರೋಡಲ್ಲಿ ಕೇಳಿದ್ರೆ ಸ್ಟಾಕಿಲ್ಲ. ಆನ್‌ಲೈನಲ್ಲಿ ಬರತ್ತೆ, ಅಡ್ರೆಸ್ ಟೈಪ್ ಮಾಡೋಷ್ಟರಲ್ಲಿ ಖಾಲಿ! ಜಿಲ್ಲೇಲಿರೋ ಪೀಸೆಲ್ಲಾ ಭಾನುಪ್ರಕಾಶನ ಗೋಡೌನಲ್ಲಿದೆ. ಊರಿಗೆಲ್ಲಾ ಡಬಲ್ ರೇಟು. ನನಗೆ ಡಬಲ್‌ಗೂ ಕೊಡಲ್ಲ."

ಭಾನುಪ್ರಕಾಶ್ ನನಗೆ ಗೊತ್ತು. ಶಿರಾ ಗೇಟಿನಲ್ಲಿ ದೊಡ್ಡ ಗೇಮ್ ಪಾರ್ಲರ್ ಅವನದು. ಇನ್ನೊಂದು ಪಾರ್ಲರ್ ಹುಟ್ಟುವುದು ಅವನಿಗೆ ಬೇಕಿಲ್ಲ.

"ಬರೋ ಶುಕ್ರವಾರ ಓಪನಿಂಗು ಸಾರ್. ಅವತ್ತು ಅಂಗಡಿ ಶುರುವಾಗ್ಲಿಲ್ಲ ಅಂದ್ರೆ ಸೋಮವಾರದಿಂದ ಮಾವನ ಪಾತ್ರೆ ಅಂಗಡೀಲಿ ಕೂರ್ತೀನಿ ಅಂತ ಅಪರ್ಣಂಗೆ ಮಾತು ಕೊಟ್ಟಿದೀನಿ." ಅಪರ್ಣ ಅವನ ಹೆಂಡತಿ. "ಮಾವ ಆಗ್ಲೇ ಕುರ್ಚಿ ತರಿಸಿಟ್ಟಿದಾರೆ ಸಾರ್!"

ಅವನ ಕಣ್ಣಲ್ಲಿ ನೀರಿತ್ತು. ಚಟ್ನಿಯ ಖಾರಕ್ಕಲ್ಲ. ಚಟ್ನಿಯನ್ನೂ ಅವನು ಮುಟ್ಟಿರಲಿಲ್ಲ.

"ಕಳೆದದ್ದು ಹೇಗೆ?"

"ಅಂಗಡೀಲಿಟ್ರೆ ಭಾನು ಕಡೆಯೋರು ಎತ್ಕೊಂಡು ಹೋಗ್ತಾರೆ ಅಂತ ಭಯ. ಅದಕ್ಕೆ ಮಾವನ ಅಂಗಡಿಯ ಗಿಫ್ಟ್ ಪೇಪರ್ ಸುತ್ತಿ ಮನೇಲಿ ಅಟ್ಟದ ಮೇಲಿಟ್ಟೆ. ನಮ್ಮನೇಲಿ ಗಿಫ್ಟ್ ಪೇಪರ್ ಸುತ್ತಿರೋದನ್ನ ಯಾರೂ ಬಿಚ್ಚಲ್ಲ ಸಾರ್. ಅದಕ್ಕಿಂತ ಸೇಫ್ ಲಾಕರ್ ತುಮಕೂರಲ್ಲಿಲ್ಲ."

ಮಾತು ನಿಜ. ಫಂಕ್ಷನ್ನಿನಲ್ಲಿ ಬಂದದ್ದು ಅಟ್ಟಕ್ಕೆ ಹೋಗುತ್ತದೆ. ಇನ್ನೊಬ್ಬರ ಫಂಕ್ಷನ್ನಿಗೆ ಅಟ್ಟದಿಂದ ಇಳಿಯುತ್ತದೆ. ಬಿಚ್ಚಿದರೆ ಕೆಟ್ಟಿತು, ಮತ್ತೆ ಕೊಡಲಾಗುವುದಿಲ್ಲ. ಮೂರು ಮದುವೆ, ಎರಡು ಸೀಮಂತ ಸುತ್ತಿ ಕೊಟ್ಟವರ ಮನೆಗೇ ಮರಳಿದ ಡಿನ್ನರ್ ಸೆಟ್ಟುಗಳನ್ನು ನಾನು ಬಲ್ಲೆ. ಅವುಗಳಲ್ಲಿ ಡಿನ್ನರ್ ಮಾಡಿದವರನ್ನು ಮಾತ್ರ ಕಂಡಿಲ್ಲ.

ಅನಂತ ಒಂದನ್ನು ಮರೆತಿದ್ದ. ಅಟ್ಟದ ಯಜಮಾನಿಕೆ ಅವನ ತಾಯಿ ಕೌಸಲ್ಯಮ್ಮನವರದು.

ಗುಬ್ಬಿಯಲ್ಲಿ ಪುಟ್ಟರಂಗಯ್ಯ ಅಂತ. ಅನಂತನ ತಂದೆಯ ಆಫೀಸಿನಲ್ಲಿ ಅವರ ಕೈಕೆಳಗೆ ಇದ್ದವರು. ಗುರುವಾರ ಅವರ ಹೊಸ ಮನೆಯ ಗೃಹಪ್ರವೇಶ. ಮರುದಿನ ಸಾರು ಬಡಿಸುತ್ತ ಕೌಸಲ್ಯಮ್ಮ ಮಗನಿಗೆ ಹೇಳಿದರಂತೆ, "ನಿಮ್ಮಪ್ಪನ್ನ ದೇವರು ಅಂತಿದ್ದ ಕಣೋ ಅವನು. ಸಣ್ಣದು ಕೊಟ್ರೆ ಚೆನ್ನಾಗಿರಲ್ಲ ಅಂತ ಅಟ್ಟದ ಮೇಲಿದ್ದಿದ್ರಲ್ಲಿ ದೊಡ್ಡದನ್ನೇ ಕೊಟ್ಟುಬಂದೆ."

"ಅಮ್ಮನಿಗೆ ವಿಷಯ ಹೇಳಿದೆಯಾ?"

"ಅಯ್ಯೋ ಬೇಡ ಸಾರ್! ಬಿಪಿ ಇದೆ. ಅಲ್ದೆ ಗೊತ್ತಾದ್ರೆ ಸೀದಾ ಗುಬ್ಬಿಗೆ ಹೋಗಿ ಅಳ್ತಾರೆ. ಊರಿಗೆಲ್ಲಾ ಗೊತ್ತಾಗತ್ತೆ. ಭಾನುಗೂ ಗೊತ್ತಾಗತ್ತೆ. ಕೊಟ್ಟಿದ್ದನ್ನ ವಾಪಸ್ ಕೇಳೋದು ಬೇರೆ ಮರ್ಯಾದೆ ಪ್ರಶ್ನೆ. ಅಮ್ಮಂಗೆ ಮಾತ್ರ ಹೇಳ್ಬಾರ್ದು!"

ಕೇಸಿನ ಮೊದಲ ಷರತ್ತು. ನೆನಪಿಟ್ಟುಕೊಳ್ಳಿ.

ಭಾನುವಾರ ಬೆಳಗ್ಗೆ ಗುಬ್ಬಿ.

ಮನೆಯ ಮುಂದೆ ಇನ್ನೂ ಬಾಳೆಕಂಬ. ಒಳಗೆ ಹೊಸ ಬಣ್ಣದ ವಾಸನೆ. ಪುಟ್ಟರಂಗಯ್ಯನ ಹೆಂಡತಿ ಮಂಜುಳಮ್ಮ ಒಬ್ಬರೇ ಇದ್ದರು.

"ತುಮಕೂರಿನ ಪಾತ್ರೆ ಅಂಗಡಿಯಿಂದ ಬಂದಿದೀನಮ್ಮ. ಕೌಸಲ್ಯಮ್ಮನೋರು ಕೊಟ್ಟ ಡಿನ್ನರ್ ಸೆಟ್ಟಲ್ಲಿ ಒಂದು ತಟ್ಟೆ ಕಮ್ಮಿ ಇದೆ. ಬದಲಾಯಿಸಿ ಕೊಡ್ತೀವಿ."

"ಕಮ್ಮಿ ಇದ್ರೆ ಇರ್ಲಿ ಬುಡಪ್ಪ. ಅದ್ನ ನಮ್ಮೋರು ನಿನ್ನೆನೇ ಕುಣಿಗಲ್ಗೆ ತಗಂಡೋದ್ರು. ಅವ್ರ ತಮ್ಮನ ಮಗಳು ಸುಧಾದು ಇವತ್ತು ಮದ್ವೆ. ಹೊಸಾ ಮನೇಲಿ ದೀಪ ಆರಬಾರ್ದು ಅಂತ ನಾನ್ ಉಳ್ಕಂಡೆ."

"ಬಿಚ್ಚಿ ನೋಡಲಿಲ್ವಾ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬಿಚ್ತಾರಾ ಯಾರಾದ್ರೂವೆ?"

ಹೊರಗೆ ಬಂದೆ. ನನ್ನ ಸ್ಕೂಟರಿಗೆ ಅಡ್ಡಲಾಗಿ ಕಪ್ಪು ಕಾರು. ಬಾನೆಟ್ಟಿಗೆ ಒರಗಿ ಭಾನುಪ್ರಕಾಶ್. ಬಿಳಿ ಶೂ, ಕಪ್ಪು ಕನ್ನಡಕ. ಪಕ್ಕದಲ್ಲಿ ಕುತ್ತಿಗೆಯೇ ಇಲ್ಲದ ಇಬ್ಬರು.

"ಏನ್ ಮೋಹನಣ್ಣ, ಗುಬ್ಬೀಲಿ ಏನ್ ಕೆಲ್ಸ?"

"ಗಾಳಿ ಚೆನ್ನಾಗಿದೆ ಅಂದ್ರು."

"ನಿನ್ನೆ ಇಡ್ಲಿ ತಿನ್ನೋವಾಗ ಪಕ್ಕದ್ ಟೇಬಲ್ಲಲ್ಲಿ ಇದ್ದಿದ್ದು ನಮ್ ಹುಡುಗ್ರೇ. ಅನಂತನ ಬಾಕ್ಸ್ ಎಲ್ಲಿ?"

"ಯಾವ ಅನಂತ?"

"ನಿಂಗೆ ಎರಡು ಕಾಲಿದೆ, ಮೋಹನಣ್ಣ."

"ಎಣಿಸಿದ್ದಕ್ಕೆ ಥ್ಯಾಂಕ್ಸ್."

ಒಬ್ಬ ಮುಂದೆ ಬಂದ. ನಾನು ಬಾಳೆಕಂಬ ಎಳೆದೆ. ಅದು ಅವನ ಮೇಲೆ ಗೊನೆಸಮೇತ ಬಿತ್ತು! ಕಾರಿನ ಸಂದಿಯಿಂದ ಸ್ಕೂಟರ್ ನುಗ್ಗಿಸಿದೆ...

ತುಮಕೂರು ದಾಟುವವರೆಗೆ ಟ್ರಾಫಿಕ್ ನನ್ನ ಕಡೆಗಿತ್ತು. ಕುಣಿಗಲ್ ರಸ್ತೆಗೆ ಬಿದ್ದ ಮೇಲೆ ಟ್ರಾಫಿಕ್ ಕೈಕೊಟ್ಟಿತು. ಕನ್ನಡಿಯಲ್ಲಿ ಕಪ್ಪು ಕಾರು. ದೊಡ್ಡದಾಗುತ್ತಿತ್ತು. ಇನ್ನೂ ದೊಡ್ಡದಾಯಿತು...

ಹೆಬ್ಬೂರು ದಾಟಿದ ಮೇಲೆ ಒಂದು ಹಂಪ್ ಇದೆ. ಊರಿನವರೇ ಹಾಕಿಕೊಂಡದ್ದು. ಬಣ್ಣ ಇಲ್ಲ, ಬೋರ್ಡಿಲ್ಲ. ಅದರ ವಿಳಾಸ ನನ್ನ ಬೆನ್ನುಮೂಳೆಗೆ ಗೊತ್ತು. ಅಂಚಿನಲ್ಲಿ ಗೇಣು ಜಾಗ ಬಿಟ್ಟಿದ್ದಾರೆ, ಸ್ಕೂಟರಿನವರಿಗೆ. ಅಲ್ಲಿಂದ ತೂರಿದೆ.

ಭಾನುಪ್ರಕಾಶ್ ತೂರಲಿಲ್ಲ. ಹಾರಿದ!

ಹಿಂದೆ ಏನೋ ಒಡೆದ ಸದ್ದು. ತಿರುಗಿ ನೋಡಲಿಲ್ಲ. ಹಂಪ್ ಹಾಕಿದವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಈಗ ಮಚ್ಚಿನ ಹತ್ತಿರ ವಾಪಸ್ ಬರೋಣ.

"ಕೇಳಿದ್ದು ಕೇಳಿಸ್ಲಿಲ್ವೇನ್ಲಾ? ಯಾರ ಕಡೆಯೋನು?"

"ಪಾತ್ರೆ ಅಂಗಡಿ ಕಡೆಯೋನಮ್ಮ. ಈ ಡಿನ್ನರ್ ಸೆಟ್ಟಲ್ಲಿ ಒಂದು ತಟ್ಟೆ ಕಮ್ಮಿ..."

"ಒಂದ್ ತಟ್ಟೆ ಕೊಡಾಕೆ ಗಟ್ಟಿಮೇಳದ ಹೊತ್ನಲ್ಲಿ ಕಳ್ಳನಂಗೆ ನುಗ್ಗಿದ್ಯಾ? ನಂಗೇನ್ ಕಣ್ ಕಾಣಲ್ಲ ಅನ್ಕಂಡ್ಯಾ?"

ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. ಭಾನುಪ್ರಕಾಶ್! ಕನ್ನಡಕದ ಒಂದು ಗಾಜಿಲ್ಲ. ಬಿಳಿ ಶೂ ಬಿಳಿಯಾಗಿರಲಿಲ್ಲ.

"ಆ ಬಾಕ್ಸ್ ನಂಗೆ ಬೇಕು! ಎಷ್ಟಾದ್ರೂ ಕೊಡ್ತೀನಮ್ಮ!" ಜೇಬಿನಿಂದ ನೋಟಿನ ಕಟ್ಟು ತೆಗೆದ.

ಕದರಮ್ಮ ನನ್ನನ್ನು ನೋಡಿದರು. ಅವನನ್ನು ನೋಡಿದರು. ಬಾಕ್ಸ್ ನೋಡಿದರು.

"ಏನೈತ್ಲಾ ಇದ್ರಾಗೆ?"

"ಡಿನ್ನರ್ ಸೆಟ್ಟು," ಅಂದೆ.

"ಮಿಕ್ಸಿ," ಅಂದ ಅವನು. ಇಬ್ಬರೂ ಒಟ್ಟಿಗೇ ಅಂದಿದ್ದೆವು.

ಭಾನು ಇನ್ನೊಂದು ಕಟ್ಟು ತೆಗೆದ. ಅವನ ಅಭ್ಯಾಸವೇ ಅದು. ಎದುರಿನವರು ಸುಮ್ಮನಿದ್ದರೆ ರೇಟು ಏರಿಸುವುದು.

ಚಕ್!

ಮಚ್ಚು ಬಿತ್ತು. ಭಾನುವಿನ ಪಕ್ಕದಲ್ಲಿದ್ದ ಎಳನೀರಿನ ಬುರುಡೆ ಹಾರಿಹೋಯಿತು. ಅವನ ಮುಖಕ್ಕೆ ನೀರು ಚಿಮ್ಮಿತು.

"ಮುಯ್ಯಿ ಬಂದಿದ್ದನ್ನ ಮಾರ್ತಾರೇನ್ಲಾ, ಮುಂಡೇದೆ? ಆ ನೋಟು ಒಳಕ್ಕಿಡು. ಮುಯ್ಯಿ ಕೊಟ್ಟೋರಿಗೆ ಅವ್ರ ಮನೆ ಕಾರ್ಯದಾಗೆ ಮುಯ್ಯಿ ಮಾಡ್ತೀವಿ. ಯಾಪಾರ ಮಾಡಲ್ಲ!"

ಅವರ ಮನೆ ಕಾರ್ಯದಲ್ಲಿ!

ತಲೆಯಲ್ಲಿ ದೀಪ ಹತ್ತಿತು.

"ಅಮ್ಮಾ, ಶುಕ್ರವಾರ ಕ್ಯಾತ್ಸಂದ್ರದಲ್ಲಿ ಕೌಸಲ್ಯಮ್ಮನೋರ ಮಗನ ಅಂಗಡಿ ಪೂಜೆ ಇದೆ. ನೀವು ಬರಲೇಬೇಕು."

"ಯಾವ್ ಕೌಸಲ್ಯಮ್ಮ?"

"ಪುಟ್ಟರಂಗಯ್ಯನೋರ ಆಫೀಸಲ್ಲಿ ಸಾಹೇಬ್ರು ಇದ್ರಲ್ಲ, ಅವರ ಮನೆಯೋರು."

ಮಚ್ಚು ಕೆಳಗಿಳಿಯಿತು. ಕದರಮ್ಮ ಪುಟ್ಟರಂಗಯ್ಯನಿಗೆ ಸ್ವಂತ ಅಕ್ಕ.

"ಅಯ್ಯೋ, ನಮ್ ರಂಗಂಗೆ ಕೆಲ್ಸ ಕೊಡ್ಸಿದ್ದೇ ಆ ಸಾಹೇಬ್ರು ಕಣಪ್ಪ! ಮೊದ್ಲೇ ಬಾಯ್ ಬುಡ್ಬಾರ್ದಾ? ಬತ್ತೀನಿ. ಉಂಡ್ಕಂಡ್ ಹೋಗು."

ಭಾನು ದಡ್ಡನಲ್ಲ. ಮುಖ ಒರೆಸಿಕೊಂಡ.

"ಅಮ್ಮಾ, ಶುಕ್ರವಾರ ನಮ್ಮನೇಲೂ ಸತ್ಯನಾರಾಯಣ ಪೂಜೆ! ನೀವು..."

"ನೀನ್ಯಾರಪ್ಪ?"

"ಭಾನುಪ್ರಕಾಶ್. ಶಿರಾ ಗೇಟು."

"ಶಿರಾ ಗೇಟಲ್ಲಿ ನಮ್ಮೋರ್ ಯಾರೂ ಇಲ್ಲ."

ಮುಗಿಯಿತು. ಇಡೀ ಜಿಲ್ಲೆಯ ಸ್ಟಾಕ್ ಹಿಡಿದಿಟ್ಟವನ ಹತ್ತಿರ ಒಬ್ಬ ನೆಂಟನ ಸ್ಟಾಕಿರಲಿಲ್ಲ.

"ಇನ್ನೊಂದ್ ಮಾತು," ಅಂದರು ಕದರಮ್ಮ. "ಈ ಪೊಟ್ಣದ ಮ್ಯಾಲೆ ನಿಮ್ಮಿಬ್ರ ಕಣ್ಣೂ ಬಿದ್ದೈತೆ. ಕಣ್ ಬಿದ್ದಿದ್ದ ಹೊಸಾ ಮದುಮಕ್ಳ ಮನೇಲಿ ಮಡಗಬಾರ್ದು. ಶುಕ್ರವಾರ ಇದ್ನೇ ತತ್ತೀನಿ."

ಅವರ ಕಾಲಿಗೆ ಬಿದ್ದೆ. ವೃತ್ತಿಯಲ್ಲಿ ಮೊದಲ ಸಲ.

ಊಟಕ್ಕೆ ಭಾನುವನ್ನೂ ಕೂರಿಸಿದರು. ಮದುವೆ ಮನೆಯಿಂದ ಉಪವಾಸ ಕಳಿಸುವ ಜನ ಅಲ್ಲ ಅವರು. ಪಕ್ಕದ ಎಲೆಯಿಂದ ಅವನು ಹಲ್ಲು ಕಡಿದ.

"ಶುಕ್ರವಾರ ನೋಡ್ಕೋತೀನಿ ನಿನ್ನ."

"ಮೊದ್ಲು ಹಪ್ಪಳ ತಿನ್ನು. ಮೆತ್ತಗಾಗತ್ತೆ."

ಶುಕ್ರವಾರ. ಕ್ಯಾತ್ಸಂದ್ರ.

ಅಂಗಡಿ ಮುಂದೆ ಹಾಸ್ಟೆಲ್ ಹುಡುಗರ ಹಿಂಡು. ಒಳಗೆ ಗಣಪತಿ ಪೂಜೆ ಮುಗಿದಿತ್ತು. ಟಿವಿಯ ಕೆಳಗಿನ ಮೇಜು ಖಾಲಿ. ಅದಕ್ಕೂ ಕುಂಕುಮ ಇಟ್ಟಿದ್ದರು. ಅನಂತನ ಮಾವ ಸುಬ್ಬಕೃಷ್ಣ ಆ ಮೇಜನ್ನೇ ನೋಡುತ್ತಿದ್ದರು.

"ಮಷೀನೆಲ್ಲಿ ಅಳಿಯಂದ್ರೆ?"

"ಬರ್ತಾ ಇದೆ ಮಾವ."

"ಬರಲಿ ಬರಲಿ. ಕುರ್ಚಿಗೆ ಕುಶನ್ ಹಾಕಿಸಿದೀನಿ."

ಮುಖ್ಯ ಅತಿಥಿ ಊರ್ಡಿಗೆರೆಯ ಗುರುಸಿದ್ದಯ್ಯ. ಮಳಿಗೆಯ ಓನರ್ರು. ಬಿಳಿ ಪಂಚೆ, ಬಿಳಿ ಮೀಸೆ. ದೀಪ ಹಚ್ಚಿ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಆಟೋ ಬಂತು. ಕದರಮ್ಮ ಇಳಿದರು. ತೋಳಿನಲ್ಲಿ ಕೆಂಪು ಕಾಗದ, ಬಂಗಾರದ ನವಿಲು...

ಅದರ ಹಿಂದೆಯೇ ಭಾನುವಿನ ಕಾರು ಬಂತು!

ರಿಪೇರಿಯಾಗಿತ್ತು. ಕಾಂಪೌಂಡಿನ ಗೇಟಿಗೆ ಅಡ್ಡ ನಿಂತಿತು. ನಾಲ್ಕು ಬಾಗಿಲೂ ತೆರೆದವು.

"ಅಮ್ಮಾ, ನೀವು ಒಳಗೆ ನಡೀರಿ!" ಅಂದೆ. "ಅನಂತ, ಗೇಟು!"

ಅನಂತ ಗೇಟಿಗೆ ಬೆನ್ನು ಕೊಟ್ಟ. ಫೈನಾನ್ಸ್ ಕಂಪನಿಯ ಮನುಷ್ಯ, ಆದರೂ ನಿಂತ. ಕುತ್ತಿಗೆಯಿಲ್ಲದ ಒಬ್ಬನಿಗೆ ನಾನು ಮೊಣಕೈ ಕೊಟ್ಟೆ. ಇನ್ನೊಬ್ಬ ನನಗೆ ಮುಷ್ಟಿ ಕೊಟ್ಟ. ಭಾನು ನನ್ನ ಕಾಲರ್ ಹಿಡಿದ. ನಾನು ಅವನ ಹೊಸ ಕನ್ನಡಕ ಹಿಡಿದೆ.

"ಬಾಕ್ಸ್ ನಂದು!"

"ನೆಂಟ ಆಗಿ ಬಾ!"

ಪಾಂ... ಪಾಂ...

ಕಾಂಪೌಂಡಿನ ಒಳಗಿನಿಂದ ಹಾರನ್. ಗುರುಸಿದ್ದಯ್ಯನವರ ಬಿಳಿ ಕಾರು. ಡ್ರೈವರ್ ಬೆಟ್ಟಯ್ಯ ಕತ್ತು ಹೊರಗೆ ಹಾಕಿದ.

"ಗಾಡಿ ತೆಗೀರಪ್ಪಾ! ಯಜಮಾನ್ರು ಹೊಂಟವ್ರೆ!"

ದೊಡ್ಡವರ ಕಾರು. ಏನು ಮಾಡುವುದು? ಭಾನು ನನ್ನ ಕಾಲರ್ ಬಿಟ್ಟ. ತಾನೇ ಕಾರು ಹಿಂದಕ್ಕೆ ತೆಗೆದ. ಅನಂತ ಗೇಟು ಪೂರ್ತಿ ತೆರೆದ. ಬಿಳಿ ಕಾರಿನ ಹಿಂದಿನ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ, ನಾನೇ ತೆಗೆದು ಗಟ್ಟಿಯಾಗಿ ಹಾಕಿದೆ. ಗುರುಸಿದ್ದಯ್ಯನವರ ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಅದರ ಕೆಳಗೆ ದಪ್ಪನೆಯದೇನೋ, ಮೇಲೆ ಶಾಲು. ಅವರು ಕೈಮುಗಿದರು. ನಾವು ಮೂವರೂ ಕೈಮುಗಿದೆವು. ನನ್ನ ತುಟಿಯಿಂದ ರಕ್ತ ಸುರಿಯುತ್ತಿತ್ತು.

ಕಾರು ಹೋಯಿತು. ಮತ್ತೆ ಕಾಲರ್ ಹಿಡಿದುಕೊಂಡೆವು.

ಹಾಸ್ಟೆಲ್ ಹುಡುಗರು ನುಗ್ಗಿ ಭಾನುವಿನ ಕಡೆಯವರನ್ನು ರಸ್ತೆಗೆ ದಬ್ಬಿದರು. ಗೆದ್ದೆವು! ಅನಂತ ನನ್ನನ್ನು ತಬ್ಬಿಕೊಂಡ. ಇಬ್ಬರೂ ಒಳಗೆ ಓಡಿದೆವು.

ಮೇಜು ಖಾಲಿ ಇತ್ತು.

"ಅಮ್ಮಾ, ಕದರಮ್ಮನೋರು ಒಂದು ಬಾಕ್ಸ್ ತಂದಿದ್ರಲ್ಲ?" ಅಂದ ಅನಂತ.

ಕೌಸಲ್ಯಮ್ಮ ತಾಂಬೂಲದ ತಟ್ಟೆ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಕದರಮ್ಮ ಕೋಸಂಬರಿ ತಿನ್ನುತ್ತಿದ್ದರು.

"ಹೂಂ ಕಣೋ, ಪಾಪ, ಅಷ್ಟು ದೂರದಿಂದ ಹೊತ್ಕೊಂಡು ಬಂದಿದಾರೆ. ಗುರುಸಿದ್ದಯ್ಯನೋರು ಊಟ ಬೇಡ, ಅರ್ಜೆಂಟ್ ಇದೆ ಅಂದ್ಬಿಟ್ರು. ಬಿಲ್ಡಿಂಗ್ ಓನರ್ರು, ಬರಿಗೈಲಿ ಕಳಿಸೋಕಾಗತ್ತಾ? ಶಾಲು ಹೊದಿಸಿ ಅದನ್ನೇ ಕೊಟ್ಟೆ."

ಅನಂತ ಗೇಟಿನ ಕಡೆ ತಿರುಗಿ ನೋಡಿದ.

"ಅಲ್ಲ ಕಣೋ," ಅಂದರು ಕೌಸಲ್ಯಮ್ಮ, "ನಾನು ಗುಬ್ಬಿಗೆ ಕೊಟ್ಟಿದ್ದೂ ಇಂಥದ್ದೇ ನವಿಲಿನ ಪೇಪರು. ಎಲ್ಲಾರೂ ಒಂದೇ ಕಡೆ ತಗೋತಾರೆ ಅನ್ಸತ್ತೆ."

"ನಮ್ಮ ಅಂಗಡೀದು!" ಅಂದರು ಸುಬ್ಬಕೃಷ್ಣ, ಹೆಮ್ಮೆಯಿಂದ.

ಅನಂತ ಬಾಯಿ ತೆರೆದ. ತಾಯಿಯ ಮುಖ ನೋಡಿದ. ಮುಚ್ಚಿದ.

ಕೌಸಲ್ಯಮ್ಮನವರ ಬಿಪಿ ಅವತ್ತು ನಾರ್ಮಲ್ ಇತ್ತು.

ಮಧ್ಯಾಹ್ನವೇ ಊರ್ಡಿಗೆರೆಗೆ ಹೋದೆ. ಗುರುಸಿದ್ದಯ್ಯನವರು ಕಾಫಿ ಕೊಡಿಸಿದರು. ನಾನು ಒಂದು ತಟ್ಟೆ ಕಮ್ಮಿ ಇರುವ ಕತೆ ಹೇಳಿದೆ. ಅವರು ನಗುತ್ತ ಮೇಲೆ ತೋರಿಸಿದರು.

ಅಟ್ಟ. ಗೋಡೆಯಿಂದ ಗೋಡೆಗೆ ಕೆಂಪು ಕಾಗದ. ಅಟ್ಟದ ತುಂಬ ನವಿಲುಗಳು!

"ಇದ್ರಲ್ಲಿ ಯಾವ್ದು ಅಂತ ಬೆಟ್ಟಯ್ಯಂಗೂ ಗೊತ್ತಿರಾಕಿಲ್ಲ. ಬಿಚ್ಚೋ ಪದ್ಧತಿ ನಮ್ಮಲ್ಲಿಲ್ಲ. ನಿಮ್ಮನೇಲಿ ಶುಭಕಾರ್ಯ ಏನಾದ್ರೂ ಇದ್ರೆ ಹೇಳಪ್ಪ, ದೊಡ್ಡದೇ ಒಂದು ತರ್ತೀನಿ. ಮದ್ವೆ ಆಗಿದೆಯೋ?"

"ಇಲ್ಲ."

"ಮತ್ತೆ? ಆಗು!"

ಹೊರಗೆ ಬಂದರೆ ಕಪ್ಪು ಕಾರು. ಭಾನುಪ್ರಕಾಶ್ ಈ ಸಲ ಕಾಲುಗಳನ್ನು ಎಣಿಸಲಿಲ್ಲ.

"ಏನಂದ್ರು ಮೋಹನಣ್ಣ?"

"ಶುಭಕಾರ್ಯ ಇದ್ರೆ ಬರ್ತಾರಂತೆ."



ಆಮೇಲಿನದು ಇಷ್ಟು. ಕನ್ಸೋಲಿನ ರೇಟು ಇನ್ನೊಮ್ಮೆ ಏರಿದೆ. ಭಾನುಪ್ರಕಾಶ್ ಹೆಣ್ಣು ನೋಡುತ್ತಿದ್ದಾನೆ. ಅನಂತಕೃಷ್ಣ ಸೋಮವಾರದಿಂದ ಮಾವನ ಪಾತ್ರೆ ಅಂಗಡಿಯಲ್ಲಿ, ಕುಶನ್ ಹಾಕಿದ ಕುರ್ಚಿಯಲ್ಲಿ ಕೂತು ಗಿಫ್ಟ್ ಪ್ಯಾಕ್ ಮಾಡುತ್ತಿದ್ದಾನೆ. ಕೈ ಚೆನ್ನಾಗಿ ಓಡುತ್ತದೆಯಂತೆ.

ನನ್ನ ಫೀಸಿಗೆ ಬದಲು ಒಂದು ಡಿನ್ನರ್ ಸೆಟ್ ಕಳಿಸಿದ. ಕೆಂಪು ಕಾಗದ, ಬಂಗಾರದ ನವಿಲು.

ಅಟ್ಟದ ಮೇಲಿಟ್ಟಿದ್ದೇನೆ. ಬಿಚ್ಚಿಲ್ಲ.